ಕ್ಯಾಲೆಂಡರ್ ಓದುತ್ತಿದ್ದ ನರ್ಸಬಾಯಿ

ಈ ವರ್ಷ ಔರಾದದಿಂದ ಕ್ಯಾಲೆಂಡರ್ ಬರಲಿಲ್ಲ.

ಮೂರು ವರ್ಷದಿಂದ ಜನವರಿಯ ಮೊದಲ ವಾರ ತಪ್ಪದೆ ಬರುತ್ತಿತ್ತು. ಔರಾದ–ಭಾಲ್ಕಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ, ಸುರುಳಿ ಸುತ್ತಿ, ಬ್ಯಾಂಡೇಜ್ ಪಟ್ಟಿಯಿಂದ ಕಟ್ಟಿ ಕಳಿಸುತ್ತಿದ್ದರು. ಬಿಚ್ಚಿ ನೋಡಿದರೆ ಹನ್ನೆರಡು ತಿಂಗಳಲ್ಲಿ ಒಂದೇ ಒಂದು ದಿನದ ಮೇಲೆ ನೀಲಿ ಚುಕ್ಕೆ. ಪತ್ರವಿಲ್ಲ, ಹೆಸರಿಲ್ಲ. ಈ ಸಲ ಹತ್ತು ದಿನ ಕಾದು ಭಾಲ್ಕಿ ಬಸ್‌ಸ್ಟ್ಯಾಂಡಿಗೆ ಹೋಗಿ ಕೇಳಿದೆ. ಕಂಡಕ್ಟರ್ ಟಿಕೆಟ್ ಮಷೀನು ಒರೆಸುತ್ತಾ, "ನಿಮಗ ಗೊತ್ತಿಲ್ಲೇನ್ರಿ ಕಾಕಾ? ನರ್ಸಬಾಯಿ ದೀಪಾವಳಿ ಮುಂದ ತೀರಿಕೊಂಡ್ರಲ್ಲ. ಮುಂಜಾನಿ ಚಾ ಮಾಡ್ಲಕತ್ತಿದ್ರಂತ" ಅಂದ. ಚಾ ಕುಡಿದರೋ ಇಲ್ಲವೋ ಎಂದು ಕೇಳಿದೆ. ಅದು ಅವನಿಗೆ ಗೊತ್ತಿರಲಿಲ್ಲ.

ಇಪ್ಪತ್ತು ವರ್ಷ ನಮ್ಮ ಊರಿನ ನರ್ಸಾಗಿದ್ದರೂ ಅರ್ಧ ಊರಿಗೆ ಅವರ ಹೆಸರು ಗೊತ್ತಿರಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ. ನರ್ಸಬಾಯಿ ಅಂದರೆ ಸಾಕಾಗುತ್ತಿತ್ತು, ಈಗಲೂ ಸಾಕು.

ನನ್ನ ಬಗ್ಗೆ ಮಾತ್ರ ಸ್ವಲ್ಪ ಹೇಳಿಕೊಳ್ಳಬೇಕು. ಬೇರೆಯವರು ಸರಿಯಾಗಿ ಹೇಳುವುದಿಲ್ಲ. ನಾನು ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು. ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಸಾರುವ ಮೈಕು ನನ್ನ ಕೈಯಲ್ಲಿತ್ತು. ಮೈಕು ಕೈಯಲ್ಲಿದ್ದೂ ಸುಮ್ಮನಿರುವುದು ನನ್ನಂಥವನಿಗೆ ಆಗದ ಕೆಲಸ. ಒಮ್ಮೆ ಒಬ್ಬ ಜಂಬದ ಅಳಿಯನನ್ನು ಹೆಸರು ಹಿಡಿದು ಕರೆದು, ನಿಮ್ಮ ಅತ್ತೆಯವರು ನಿಮ್ಮನ್ನು ವಾಪಸ್ ಕೊಡಲು ಬಂದಿದ್ದಾರೆ, ಕೂಡಲೇ ಕಚೇರಿಗೆ ಬರಬೇಕು ಎಂದು ಮೂರು ಸಲ ಸಾರಿದ್ದೆ. ನಮ್ಮ ಪಕ್ಕದ ಮನೆಯ ಮಾಸ್ತರನ ಗಡಿಯಾರವನ್ನು ದಿನಕ್ಕೆ ಐದೇ ನಿಮಿಷದಂತೆ ಎಂಟು ದಿನ ಹಿಂದೆ ತಿರುಗಿಸಿ, ಅವನು ಜೀವನದಲ್ಲಿ ಮೊದಲ ಸಲ ಸಾಲೆಗೆ ತಡವಾಗಿ ಹೋಗುವಂತೆ ಮಾಡಿದವನೂ ನಾನೇ. ಭಾಲ್ಕಿ ತಾಲೂಕಿನಲ್ಲಿ ನನ್ನ ಕೈಗೆ ಸಿಗದವರು ಯಾರಾದರೂ ಇದ್ದರೆ ಈ ಬಾಯಿ ಒಬ್ಬರೇ.

ಅವರನ್ನು ಮೊದಲು ನೋಡಿದ್ದು ಬಸ್‌ಸ್ಟ್ಯಾಂಡಿನಲ್ಲೇ. ಔರಾದ ಕಡೆಯಿಂದ ವರ್ಗವಾಗಿ ಬಂದ ಹೊಸದು. ಮಡಿಲಲ್ಲಿ ಲಸಿಕೆಯ ನೀಲಿ ಡಬ್ಬಿ ಇಟ್ಟುಕೊಂಡು ಹಲಬರ್ಗಾ ಬಸ್ಸಿಗೆ ಕಾಯುತ್ತಿದ್ದರು. ಅವತ್ತು ನನಗೆ ಬೇಸರವಾಗಿತ್ತು. ಹಲಬರ್ಗಾ ಬಸ್ಸು ಹಿಂದಿನ ಗೇಟಿಗೆ ಬಂದು ನಿಂತಿದೆ ಎಂದು ಸಾರಿದೆ. ಗಂಟು ಮೂಟೆ, ಕೂಸು ಕುನ್ನಿ ಸಮೇತ ಇಡೀ ಜನ ಹಿಂದಕ್ಕೆ ಓಡಿತು. ಬಾಯಿ ಕೂತಲ್ಲೇ ಕೂತು ಶೇಂಗಾ ತಿನ್ನುತ್ತಿದ್ದರು. ನಾನು ಕಿಟಕಿಯಿಂದ ತಲೆ ಹಾಕಿ, "ಬಾಯಿ, ಬಸ್ಸು ಬಂದದ, ಹೋಗಂಗಿಲ್ಲೇನ್ರಿ?" ಅಂದೆ.

"ಬಸ್ಸಿನ ಆವಾಜು ಬಂದಿಲ್ಲ, ಅಣ್ಣಾ. ನಿಮ್ದಷ್ಟೇ ಬಂದದ" ಅಂದರು. ಎದ್ದು ಬಂದು ನನಗೆ ನಾಲ್ಕು ಶೇಂಗಾ ಕೊಟ್ಟು ಹೋಗಿ ಕೂತರು.

ಆಮೇಲೆ ತಿಳಿಯಿತು, ಅವರು ಬಂದದ್ದು ಹಲಬರ್ಗಾ ದಾರಿಯಲ್ಲಿರುವ ನಮ್ಮ ಊರಿಗೇ. ಅವರನ್ನು ಒಮ್ಮೆಯಾದರೂ ಏಮಾರಿಸಬೇಕೆಂದು ನಾನು ಅವತ್ತೇ ತೀರ್ಮಾನಿಸಿದೆ. ಆ ಕೆಲಸ ಇನ್ನೂ ಬಾಕಿ ಇದೆ.

ಗಿಡ್ಡ ಹೆಂಗಸು. ಕಂಕುಳಲ್ಲಿ ಛತ್ರಿ. ಬಿಸಿಲಿಗೂ ಬಿಚ್ಚಲಿಲ್ಲ, ಮಳೆಗೂ ಬಿಚ್ಚಲಿಲ್ಲ. ಯಾಕೆಂದು ಕೇಳಿದರೆ "ಇದು ನಾಯಿಗಿ" ಅನ್ನುತ್ತಿದ್ದರು. ಚೀಲದಿಂದ ಸಾಲಿ ಹುಡುಗರ ಕಟ್ಟಿಗೆಯ ಸ್ಕೇಲು ಯಾವಾಗಲೂ ಅರ್ಧ ಹೊರಗೆ ಕಾಣುತ್ತಿತ್ತು. ಯಾರ ಮನೆಗೆ ಹೋದರೂ ಕುರ್ಚಿಯ ಮೇಲೆ ಕೂಡುತ್ತಿರಲಿಲ್ಲ, ಕಟ್ಟೆಯ ಮೇಲೆಯೇ. "ಕುರ್ಚಿ ಮ್ಯಾಲ ಕೂತ್ರ ಗಂಡಸರು ಮಾತಾಡಸ್ತಾರ. ಕಟ್ಟಿ ಮ್ಯಾಲ ಕೂತ್ರ ಹೆಂಗಸರು ಮಾತಾಡಸ್ತಾರ" ಎಂದು ಒಮ್ಮೆ ನನ್ನ ಹೆಂಡತಿಗೆ ಹೇಳಿದ್ದರು. ಇನ್ನೊಂದು ಮಾತನ್ನು ತಮ್ಮ ಕೈಕೆಳಗಿನ ಹುಡುಗಿಯರಿಗೆ ಹೇಳುತ್ತಿದ್ದರು. ನಾನು ಕದ್ದು ಕೇಳಿದ್ದು: "ಹೆಣ್ಣಮಕ್ಕಳು 'ಏನಿಲ್ಲ' ಅಂದ್ರ ಎದ್ದು ಹೋಗಬಾರದು. ಕುಂಡ್ರಬೇಕು."

ಕೊರೋನಾ ಲಸಿಕೆ ಬಂದ ವರ್ಷ ನಾನು ನಿವೃತ್ತನಾಗಿ ಮನೆಯಲ್ಲಿದ್ದೆ. ಮೊದಲ ಇಂಜೆಕ್ಷನ್ ಆದ ಮೇಲೆ ಗಂಡಸರಿಗೆ ಜ್ವರ ಬಂತು. ಗಂಡಸರ ಜ್ವರ ಊರಿಗೆಲ್ಲ ಗೊತ್ತಾಯಿತು. ನನ್ನ ಜ್ವರದ ಸುದ್ದಿಯಂತೂ ಹಲಬರ್ಗಾ ತನಕ ಹೋಗಿತ್ತು. ಹೆಂಗಸರಿಗೆ ಆದದ್ದು ಮಾತ್ರ ನಳದ ಕಟ್ಟೆ ದಾಟಲಿಲ್ಲ.

ನಮ್ಮ ಕಡೆ ಹೆಣ್ಣುಮಕ್ಕಳು ಮುಟ್ಟಾದರೆ "ಕಾಗಿ ಮುಟ್ಟ್ಯಾದ" ಅನ್ನುತ್ತಾರೆ. ಲಸಿಕೆ ಆದ ಮೇಲೆ ಆ ಕಾಗೆ ಹೊತ್ತು ತಪ್ಪಿತ್ತು. ಒಬ್ಬಳಿಗೆ ಎಂಟು ದಿನ ಮುಂಚೆ, ಒಬ್ಬಳಿಗೆ ಹತ್ತು ದಿನ ತಡ, ಒಬ್ಬಳಿಗೆ ಎಂದೂ ಇಲ್ಲದಷ್ಟು ಹೆಚ್ಚು. ನಳದ ಕಟ್ಟೆಯಲ್ಲಿ ಈ ಮಾತು ಬೆಳೆದು ಬೆಳೆದು, ಇಂಜೆಕ್ಷನ್ ತಗೊಂಡವರಿಗೆ ಮಕ್ಕಳೇ ಆಗುವುದಿಲ್ಲ ಎಂಬಲ್ಲಿಗೆ ಬಂದು ನಿಂತಿತು. ಹೊಸ ಸೊಸೆಯರಿದ್ದ ಮನೆಗಳು ಎರಡನೇ ಡೋಸಿಗೆ ಬಾಗಿಲು ಹಾಕಿಕೊಂಡವು.

ನರ್ಸಬಾಯಿ ಇದನ್ನು ಮೀಟಿಂಗಿನಲ್ಲಿ ಒಬ್ಬ ಸಾಹೇಬರ ಮುಂದೆ ಹೇಳಿದರಂತೆ. ಫಾರ್ಮಿನಲ್ಲಿ ಜ್ವರ ಬರೆಯಲು ಖಾನಾ ಇದೆ, ಮೈಕೈ ನೋವಿಗೆ ಖಾನಾ ಇದೆ, ಇದಕ್ಕೆ ಖಾನಾ ಇಲ್ಲ ಎಂದು. ಏನೂ ಆಗುವುದಿಲ್ಲ ಎಂದು ಹೇಳಿಬಿಡಿ ಎಂದರಂತೆ ಸಾಹೇಬರು.

"ನೀವೇನಂದ್ರಿ?" ಎಂದು ಕೇಳಿದೆ.

"ನಾ ಏನನ್ಲಿ. ಹೂಂ ಅಂದೆ. ಹೊರಗ ಬಂದು ಸ್ಕೇಲ್ ಹಚ್ಚಿ ಖಾನಾ ಹಾಕ್ಕೊಂಡೆ."

ನಿಜ. ಅವರ ರಿಜಿಸ್ಟರಿನ ಪ್ರತಿ ಪುಟದ ಬಲಗಡೆ ಪೆನ್ನಿನಿಂದ ಎಳೆದ ಒಂದು ಹೆಚ್ಚಿನ ಖಾನೆ ಇತ್ತು. ಅದರ ತಲೆಗೆ ಹೆಸರು ಬರೆದಿರಲಿಲ್ಲ. ಒಂದು ಕಾಗೆ ಬರೆದಿದ್ದರು. ಚಿತ್ರ ಚೆನ್ನಾಗಿರಲಿಲ್ಲ, ಕೋಳಿಯ ಹಾಗಿತ್ತು.

ಮನೆಮನೆಗೆ ಹೋಗಿ ಕಟ್ಟೆಯ ಮೇಲೆ ಕೂತು ಹೇಳಿದರು. "ಹಿಂದ ಮುಂದ ಆಗಬಹುದು, ತಂಗಿ. ಒಂದೆರಡು ತಿಂಗಳು. ಆಮ್ಯಾಲ ತನ್ನ ದಾರಿಗಿ ಬರ್ತದ. ಮಕ್ಕಳಾಗ್ಲಕ ಏನೂ ಅಡ್ಡಿ ಇಲ್ಲ. ದಾರಿಗಿ ಬರಲಿಲ್ಲಂದ್ರ ನನಗ ಹೇಳು, ನಾ ನೋಡ್ತೇನಿ." ನನಗೆ ಇದು ಸರಿ ಕಾಣಲಿಲ್ಲ. ಅಂಜಿದವರಿಗೆ ಹೀಗೂ ಆಗುತ್ತದೆ ಎಂದು ಯಾರಾದರೂ ಹೇಳುತ್ತಾರೆಯೇ. ಅದಕ್ಕೆ ಅವರು, "ಏನೂ ಆಗಂಗಿಲ್ಲ ಅಂತ ಇವತ್ತು ಹೇಳಿ, ನಾಳೆ ಆದ್ರ, ನಾಡದು ನಮ್ಮ ಮಾತು ಯಾರು ಕೇಳ್ತಾರ, ಅಣ್ಣಾ? ನಿಮ್ಮ ಬಸ್ಸಿನ ಹಂಗ ಆಗ್ತದ" ಅಂದರು.

ದಾರಿಗೆ ಬಂತೋ ಇಲ್ಲವೋ ತಿಳಿಯಬೇಕಾದರೆ ತಾರೀಖು ಬೇಕು. ತಾರೀಖು ಯಾರಿಗೂ ನೆನಪಿರಲಿಲ್ಲ. "ಸಂತಿ ದಿನ ಇತ್ತೇನೋ ರೀ" ಅನ್ನುವರು. ಗೋಡೆಯ ಕ್ಯಾಲೆಂಡರ್ ಮೇಲೆ ಚುಕ್ಕೆ ಹಾಕಿರಿ ಅಂದರು ಬಾಯಿ. ಬೌದ್ಧರ ಓಣಿಯಲ್ಲಿ ಹೆಣ್ಣುಮಕ್ಕಳು ತಾವೇ ಪೆನ್ನು ತಗೊಂಡು ಹಾಕಿದರು, ಮುಗಿಯಿತು. ನಮ್ಮ ಓಣಿಯಲ್ಲಿ ತಕರಾರು ಬಂತು. ಕ್ಯಾಲೆಂಡರಿನಲ್ಲಿ ಲಕ್ಷ್ಮಿ ಇದ್ದಾಳೆ, ವಿಠ್ಠಲ ಇದ್ದಾನೆ. ಆ ದಿನಗಳಲ್ಲಿ ಹೆಂಗಸರು ಅದನ್ನು ಮುಟ್ಟುವಂತಿಲ್ಲ.

ನರ್ಸಬಾಯಿ ವಾದ ಮಾಡುತ್ತಾರೆ ಎಂದು ನಾವು ಕಾದೆವು. ಮಾಡಲಿಲ್ಲ. "ಅಕಿ ಮುಟ್ಟಂಗಿಲ್ಲ, ಹೌದಿಲ್ಲ? ಆತು. ಗಂಡಸರು ಮುಟ್ಟಬಹುದಲ್ಲ? ನೀವೇ ಹಾಕ್ರಿ" ಅಂದರು.

ಪಕ್ಕದ ಮನೆ ಮಾಸ್ತರನಿಗೆ ಸಿಟ್ಟು ಬಂತು. "ಗಂಡಸರು ಇದನ್ನೆಲ್ಲ ಬರಕೋತ ಕೂಡಬೇಕೇನ್ರಿ?"

ಬಾಯಿ ಅವನ ದನದ ಕೊಟ್ಟಿಗೆಯ ಗೋಡೆ ನೋಡುತ್ತಿದ್ದರು. ಅಲ್ಲಿ ಇದ್ದಿಲಿನಲ್ಲಿ ಏನೋ ಬರೆದಿತ್ತು. "ಅದೇನ್ರಿ ಮಾಸ್ತರ?"

"ಎಮ್ಮಿದ್ರಿ. ಬೆದಿಗಿ ಬಂದಿದ್ದ ತಾರೀಖು."

"ಯಾಕ ಬರದೀರಿ?"

"ಮುಂದ ಗೊತ್ತಾಗಬೇಕಲ್ರಿ, ತಪ್ಪಿದ್ರ ಡಾಕ್ಟರಗ ತೋರಸ್ಲಕ."

"ಛಲೋ ಮಾಡೀರಿ" ಎಂದು ಹೇಳಿ ಪೆನ್ನು ಅವನ ಕೈಗೆ ಕೊಟ್ಟರು.

ಮಾಸ್ತರ ಹಾಕಿದ ಮೇಲೆ ಊರು ಹಾಕಿತು. ಯಾರೂ ನೋಡದ ಹೊತ್ತಿನಲ್ಲಿ, ಗೋಡೆಯ ಕಡೆ ಮುಖ ಮಾಡಿ, ಕಳ್ಳರ ಹಾಗೆ ಹಾಕುತ್ತಿದ್ದರು. ಆದರೂ ಹಾಕಿದರು. ತಿಂಗಳಿಗೊಮ್ಮೆ ನರ್ಸಬಾಯಿ ಬಂದು, ಕ್ಯಾಲೆಂಡರಿನ ಮುಂದೆ ನಿಂತು, ಹಾಳೆ ಹಿಂದೆ ಮುಂದೆ ತಿರುವಿ ಓದುತ್ತಿದ್ದರು. ಎರಡು ತಿಂಗಳಲ್ಲಿ ಹೆಚ್ಚಿನ ಚುಕ್ಕೆಗಳು ಸಾಲಿಗೆ ಬಂದವು. ಹೊಸ ಸೊಸೆಯರ ಮನೆಗಳ ಬಾಗಿಲು ತೆರೆದವು.

ಇಷ್ಟೊಂದು ಸರಳವಾಗಿ ಎಲ್ಲ ನಡೆಯುವುದನ್ನು ನನಗೆ ಸಹಿಸಲಾಗಲಿಲ್ಲ.

ನನ್ನ ಹತ್ತಿರ ಕೆಂಪು ಪೆನ್ಸಿಲುಗಳಿದ್ದವು. ಬಸ್ಸಿನ ಹಾಳೆಗೆ ಗುರುತು ಹಾಕುವ ದಪ್ಪ ಪೆನ್ಸಿಲು, ನಿವೃತ್ತಿಯ ದಿನ ನೆನಪಿಗೆಂದು ಅರ್ಧ ಡಜನ್ ತಂದಿದ್ದೆ. ಮಾಸ್ತರ ಎಂಟು ದಿನ ಬೀದರಿಗೆ ಟ್ರೇನಿಂಗಿಗೆ ಹೋಗುವಾಗ ಚುಕ್ಕೆಯ ಕೆಲಸವನ್ನು ಕಣ್ಣು ಮಂಜಾದ ತನ್ನ ತಾಯಿಗೆ ಒಪ್ಪಿಸಿದ್ದ. ಅವನು ತಿರುಗಿ ಬರುವಷ್ಟರಲ್ಲಿ ಅವನ ಕ್ಯಾಲೆಂಡರಿನಲ್ಲಿ ನಾನು ಮೂರು ಚುಕ್ಕೆ ಇಟ್ಟಿದ್ದೆ. ಹೆಂಡತಿ ತನಗೇನೂ ಆಗಿಲ್ಲವೆಂದಳು. ತಾಯಿ, "ನಾ ಹಾಕೀನೋ ಏನೋ ನೆನಪಿಲ್ಲಪಾ" ಅಂದಳು. ಮಾಸ್ತರ ಬರೆದದ್ದನ್ನು ನಂಬುವ ಮನುಷ್ಯ. ಹೆಂಡತಿಗೆ ಕೊಡ ಎತ್ತಲು ಬಿಡಲಿಲ್ಲ. ಎರಡು ದಿನ ತಾನೇ ನಳದಿಂದ ನೀರು ಹೊತ್ತ. ಮಾಸ್ತರ ಕೊಡ ಹೊತ್ತದ್ದನ್ನು ಇಡೀ ಓಣಿ ನಿಂತು ನೋಡಿತು. ಇದು ನಾನು ಊರಿಗೆ ಮಾಡಿದ ಸೇವೆ, ಯಾರೂ ನೆನೆಯುವುದಿಲ್ಲ.

ಮೂರನೇ ದಿನ ಅವನು ನರ್ಸಬಾಯಿಯನ್ನು ಕರೆತಂದ. ಉರಿ ಬಿಸಿಲು. ಬಾಯಿ ಅವನ ಹೆಂಡತಿಯ ಜತೆ ಒಂದು ತಾಸು ಕೂತರು. ಆಮೇಲೆ ಎದ್ದು ಕ್ಯಾಲೆಂಡರಿನ ಚುಕ್ಕೆಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಮಾಸ್ತರನ ಪೆನ್ನಿನ ಚುಕ್ಕೆಗಳು ಅಲುಗಲಿಲ್ಲ. ನನ್ನವು ಬೆರಳಿಗೆ ಹತ್ತಿದವು. ಆ ಕೆಂಪು ಬೆರಳನ್ನು ಎತ್ತಿ ಹಿಡಿದುಕೊಂಡೇ ನಮ್ಮ ಮನೆಗೆ ಬಂದರು.

"ಇದು ಯಾರದು?"

"ದೇವರಾಣಿ ಬಾಯಿ, ನಂದಲ್ಲ" ಅಂದೆ. ಪೆನ್ಸಿಲು ನನ್ನ ಕಿವಿಯ ಮೇಲೆಯೇ ಇತ್ತು.

ಬಯ್ಯಲಿಲ್ಲ. ಅಂಗಳದ ನೀರಿನಲ್ಲಿ ಬೆರಳು ತೊಳೆದುಕೊಂಡರು. "ನಿಮ್ಮ ಮನಿ ಕ್ಯಾಲೆಂಡರ್ ಇನ್ನ ನಿಮ್ಮ ಕೈಯ್ಯಾಗ ಇರ್ಲಿ. ನೀವೇ ಹಾಕಬೇಕು" ಅಂದರು.

ನಮ್ಮ ಮನೆಯಲ್ಲಿ ಚುಕ್ಕೆ ಬೇಕಾದವಳು ಸೊಸೆ ಒಬ್ಬಳೇ. ಮಗ ಬೀದರಿನಲ್ಲಿ ಡ್ರೈವರ್, ವಾರಕ್ಕೊಮ್ಮೆ ಬರುವವನು. ಹೆಂಡತಿಗೆ ಕಾಗೆಯ ಕಾಟ ನಿಂತು ಆರು ವರ್ಷವಾಗಿತ್ತು. ಅಲ್ಲಿಯ ತನಕ ಅವಳೇ ಸೊಸೆಯ ಚುಕ್ಕೆ ಹಾಕುತ್ತಿದ್ದಳು. ಈಗ ಮಾವ ಹಾಕಬೇಕು, ಸೊಸೆ ಮಾವನಿಗೆ ಹೇಳುವುದು ಹೇಗೆ. ಹೆಂಡತಿ ಉಪಾಯ ಮಾಡಿದಳು. ಕಿಟಕಿಯಲ್ಲಿ ಸಣ್ಣ ಹಿತ್ತಾಳೆ ಚಂಬು ಇಟ್ಟಳು. ಚಂಬು ಬೋರಲು ಬಿದ್ದ ದಿನ ನಾನು ಚುಕ್ಕೆ ಹಾಕಬೇಕು. ಯಾರೂ ಏನೂ ಹೇಳುವ ಹಾಗಿಲ್ಲ, ಕೇಳುವ ಹಾಗಿಲ್ಲ.

ನಾನು ಚೆನ್ನಾಗಿಯೇ ಹಾಕಿದೆ. ಮೂವತ್ತು ವರ್ಷ ಬಸ್ಸುಗಳ ಹಾಜರಿ ಹಾಕಿದವನು. ನಮ್ಮ ಹೆಂಗಸರ ಎರಡನೇ ಡೋಸ್ ಆದ ಮೇಲಿನ ಎರಡು ತಿಂಗಳು ಚಂಬು ತಿಂಗಳಿಗೆ ಎರಡೆರಡು ಸಲ ಬೋರಲು ಬಿತ್ತು. ಅದೇ ಕೆಂಪು ಪೆನ್ಸಿಲಿನಿಂದ ಎರಡೆರಡು ಚುಕ್ಕೆ ಇಟ್ಟೆ. ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ: "ಸೊಸಿಗಿ ಇಂಜೆಕ್ಷನ್‌ದಿಂದ ಹಿಂದ ಮುಂದ ಆಗ್ಲಕತ್ತದ. ಅಂಜಬ್ಯಾಡ ಅನ್ನು. ದಾರಿಗಿ ಬರ್ತದ." ನನಗೆ ಅಷ್ಟು ತಿಳುವಳಿಕೆ ಬಂದಿತ್ತು. ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಲಸಿಕೆಯ ಕ್ಯಾಂಪುಗಳ ಓಡಾಟದಲ್ಲಿ ನರ್ಸಬಾಯಿ ಒಂದು ತಿಂಗಳು ತಪ್ಪಿಸಿದ್ದರು. ಬಂದ ದಿನ ಎರಡೂ ಹಾಳೆ ತಿರುವಿ ನೋಡಿದರು. ಹೆಂಡತಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು.

"ಅಣ್ಣಾ, ಹುಣ್ಣಿಮಿ ಮರುದಿನ ಒಂದು, ಅಮಾಸಿ ಮುಂದ ಒಂದು. ಹೋದ ತಿಂಗಳೂ ಹಂಗೇ. ಎರಡು ಯಾಕ?"

"ಚಂಬು ಎರಡು ಸಲ ಡಬ್ಬ ಬಿದ್ದಿತ್ತು, ಎರಡು ಹಾಕೀನಿ."

ಬಾಗಿಲ ಹಿಂದಿನಿಂದ ಸೊಸೆಯ ದನಿ ಬಂತು. "ಬಾಯಿ, ನಂದು ಹುಣ್ಣಿಮಿದು ಒಂದೇ ರೀ."

ನರ್ಸಬಾಯಿ ಅಮಾವಾಸ್ಯೆಯ ಚುಕ್ಕೆಯನ್ನು ಉಜ್ಜಿದರು. ಬೆರಳು ಕೆಂಪಾಯಿತು. ಆ ಬೆರಳನ್ನು ನೋಡಿದರು, ನನ್ನನ್ನು ನೋಡಿದರು.

"ಮತ್ತ ಸುರು ಮಾಡಿದ್ರಿ."

"ಇಲ್ರಿ ಬಾಯಿ. ದೇವರಾಣಿ, ಈ ಸಲ ಖರೇನ ಚಂಬು ಬಿದ್ದಿತ್ತು."

"ಮಾಸ್ತರ ಚುಕ್ಕಿಗೂ ದೇವರಾಣಿ ಮಾಡಿದ್ರಿ."

ಮಾಡಿದ್ದು ಹೌದು. ಇನ್ನೂ ಹನ್ನೊಂದು ಮನೆ ನೋಡುವುದಿದೆ ಎಂದು ಅವರು ಛತ್ರಿ ಕಂಕುಳಿಗೆ ಇಟ್ಟುಕೊಂಡು ಹೊರಟರು. ಗೇಟಿನ ಹತ್ತಿರ ಹೋಗಿ, ಅಗುಳಿ ತೆಗೆದು, ಹೋಗುವವರು ಎಲ್ಲರೂ ಅನ್ನುವ ಹಾಗೆ, "ವೈನಿ, ನೀವು ಆರಾಮ ಇದ್ದೀರಿಲ್ಲ?" ಅಂದರು.

ಹೆಂಡತಿ ತೊಗರಿಯಿಂದ ತಲೆ ಎತ್ತದೆ, "ಏನಿಲ್ಲ ರೀ" ಅಂದಳು.

ನರ್ಸಬಾಯಿ ಅಗುಳಿ ಹಿಡಿದು ನಿಂತರು. "ನಾ ಆರಾಮೇನ್ರಿ ಅಂದೆ. ನೀವು ಏನಿಲ್ಲ ಅಂದ್ರಿ."

ಹೆಂಡತಿ ಮೊರ ಅಲ್ಲಾಡಿಸುವುದನ್ನು ನಿಲ್ಲಿಸಿದಳು.

ಬಾಯಿ ತಿರುಗಿ ಬಂದರು. ಚಪ್ಪಲಿ ಬಿಟ್ಟರು, ಛತ್ರಿ ಗೋಡೆಗೆ ಒರಗಿಸಿದರು, ಅವಳ ಪಕ್ಕ ಕೂತು ಮೊರದಲ್ಲಿ ಕೈ ಹಾಕಿ ಹರಳು ಆರಿಸತೊಡಗಿದರು. ನನ್ನ ಕಡೆ ನೋಡದೆ, "ಅಣ್ಣಾ, ನೀವು ಹೊರಗ ಕೂಡ್ರಿ" ಅಂದರು. ನಮ್ಮ ಮನೆತನದಲ್ಲಿ ಹೊರಗೆ ಕೂತ ಮೊದಲ ಗಂಡಸು ನಾನು.

ಕೂತಲ್ಲಿಗೆ ಮಾತು ಕೇಳುತ್ತಿತ್ತು. ಹೆಂಡತಿ ಹೇಳಿದಳು, ಎರಡನೇ ಇಂಜೆಕ್ಷನ್ ಆಗಿ ಹದಿನೈದು ದಿನಕ್ಕೆ ಕೆಂಪು ಕಂಡಿತಂತೆ, ಮತ್ತೆ ಮುಂದಿನ ತಿಂಗಳೂ ಕಂಡಿತಂತೆ. "ನಳದ ಮ್ಯಾಲ ಎಲ್ಲಾರೂ ಅಂತಾರಲ್ರಿ, ಇಂಜೆಕ್ಷನ್‌ದಿಂದ ಆಗ್ತದಂತ. ನನಗೂ ಅದೇ ಆಗ್ಯಾದ, ತಾನೇ ಹೋಗ್ತದ ಅಂತ ಸುಮ್ಮಕ ಇದ್ದೆ. ನೀವು ಬರದಿಡ್ರಿ ಅಂತೀರಲ್ಲ, ಅದಕ್ಕ ಚಂಬು ಡಬ್ಬ ಹಾಕ್ದೆ. ಹೇಳ್ಲಕ ನಾಚಿಕಿ ಬಂತು. ಈ ವಯಸ್ಸಿನ್ಯಾಗ."

"ವೈನಿ, ವಯಸ್ಸಿನ ಹುಡಗ್ಯಾರಿಗಿ ಹಿಂದ ಮುಂದ ಆದ್ರ ಎರಡು ತಿಂಗಳು ನೋಡ್ತೇನಿ. ನಿಂತು ಆರು ವರ್ಷ ಆದ ಮ್ಯಾಲ ಒಂದು ಹನಿ ಕಂಡ್ರೂ ನೋಡಕೋತ ಕೂಡಂಗಿಲ್ಲ. ಬೀದರಕ ಕರ್ಕೊಂಡು ಹೋಗ್ತೇನಿ. ಎಲ್ಲಾ ತಂದು ಇಂಜೆಕ್ಷನ್ ತಲಿಮ್ಯಾಲ ಹಾಕಬ್ಯಾಡ್ರಿ."

ಆ ದಿನಗಳಲ್ಲಿ ಹೆಂಡತಿ ದೇವರ ದೀಪ ಹಚ್ಚಿರಲಿಲ್ಲ. ನಾಲ್ಕು ನಾಲ್ಕು ದಿನ ಸೊಸೆ ಹಚ್ಚಿದ್ದಳು. ನಾನು ಅದೇ ಪಡಸಾಲೆಯಲ್ಲಿ ಕೂತು ಪೇಪರ್ ಓದಿದ್ದೆ. ಊರಿನ ಯಾವ ಮನುಷ್ಯ ಯಾವತ್ತು ಅಂಗಿ ತಿರುವು ಹಾಕಿಕೊಂಡ ಎಂದು ನನಗೆ ಗೊತ್ತಿರುತ್ತದೆ. ಇದು ಗೊತ್ತಿರಲಿಲ್ಲ.

ನರ್ಸಬಾಯಿ ಹೊರಗೆ ಬಂದರು. "ಬೀದರಕ ಮುಂಜಾನಿ ಮೊದಲ ಬಸ್ಸು ಯಾವಾಗದ?"

ಹೇಳಿದೆ.

"ಖರೆ ಬಸ್ಸೇನ್ರಿ?"

"ಖರೆ ಬಸ್ಸು ಬಾಯಿ."

ಬೀದರಿನ ದೊಡ್ಡ ದವಾಖಾನೆಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಗರ್ಭಕೋಶದಲ್ಲಿ ಕೆಟ್ಟ ಗಂಟು, ಆದರೆ ಇನ್ನೂ ಹೊರಗೆ ಕಾಲಿಟ್ಟಿಲ್ಲ ಎಂದರು ಡಾಕ್ಟರಮ್ಮ. ಕೋಶ ತೆಗೆದರು. ಇನ್ನೊಂದು ಆರು ತಿಂಗಳು ಇಂಜೆಕ್ಷನ್ನಿನ ಹೆಸರು ಹೇಳುತ್ತಾ ಕೂತಿದ್ದರೆ ಮಾತು ಬೇರೆ ಇತ್ತು ಎಂದರು. ನಾನು ಹದಿನಾಲ್ಕು ದಿನ ಆ ವರಾಂಡದಲ್ಲಿದ್ದೆ. ಯಾರಿಗೂ ಏನೂ ಮಾಡಲಿಲ್ಲ. ಅಕ್ಕಪಕ್ಕದ ರೋಗಿಗಳ ಕಡೆಯವರು ನನ್ನನ್ನು ಗಂಭೀರ ಮನುಷ್ಯ ಎಂದು ತಿಳಿದು ಸಲಹೆ ಕೇಳತೊಡಗಿದರು. ಅಂಥ ಅವಮಾನ ನನಗೆ ಹಿಂದೆ ಆಗಿರಲಿಲ್ಲ.

ಒಂದು ಮಧ್ಯಾಹ್ನ ನರ್ಸಬಾಯಿ ಬುತ್ತಿ ತಂದರು. ಜೋಳದ ರೊಟ್ಟಿ, ಪುಂಡಿಪಲ್ಯ. ನಾನು ತಿನ್ನುವ ತನಕ ಬೆಂಚಿನ ಮೇಲೆ ಕೂತಿದ್ದರು.

"ಗೇಟಿನ ತನಕ ಹೋಗಿದ್ದೆ, ಅಣ್ಣಾ" ಅಂದರು.

"ವಾಪಸ್ ಬಂದ್ರಿಲ್ಲ ಬಾಯಿ."

"ಹೋಗಿದ್ದೆ."

ಅವರನ್ನು ಗೇಟಿನ ತನಕ ಕಳಿಸಿದ್ದು ನನ್ನ ಪೆನ್ಸಿಲು. ಇದನ್ನು ಹೇಳಬೇಕೆಂದುಕೊಂಡೆ. ಬಾಯಿ ತುಂಬ ರೊಟ್ಟಿ ಇತ್ತು. ಆಮೇಲೆ ರೊಟ್ಟಿ ಮುಗಿಯಿತು, ಆಗಲೂ ಹೇಳಲಿಲ್ಲ. ಏಳುವಾಗ ಅವರು ರಿಜಿಸ್ಟರಿಗೆ ಸಿಕ್ಕಿಸಿದ್ದ ನೀಲಿ ಪೆನ್ನು ತೆಗೆದು ನನ್ನ ಕಿಸೆಗೆ ಹಾಕಿದರು. "ಇನ್ನ ಇದರಿಂದ ಹಾಕ್ರಿ. ಉಜ್ಜಿದ್ರ ಹೋಗಂಗಿಲ್ಲ" ಅಂದರು. ಮನೆಗೆ ಬಂದ ಮೇಲೆ ಉಳಿದ ಕೆಂಪು ಪೆನ್ಸಿಲುಗಳನ್ನು ಒಲೆಗೆ ಹಾಕಿದೆ. ಚೆನ್ನಾಗಿ ಉರಿದವು.

ಮರು ವರ್ಷ ಅವರು ನಿವೃತ್ತರಾದರು. ಭಾಲ್ಕಿಯಲ್ಲಿ ಶಾಲು, ಹಾರ, ಭಾಷಣ. ಏಳು ಜನ ಮಾತಾಡಿದರು, ಏಳೂ ಜನ ಅವರನ್ನು ಸೇವಾಮೂರ್ತಿ ಅಂದರು. ಸ್ಕೇಲಿನ ವಿಷಯ ಯಾರೂ ಎತ್ತಲಿಲ್ಲ. ಬಾಯಿ ವೇದಿಕೆಯ ಕುರ್ಚಿಯಲ್ಲಿ, ಕೂರಲು ಬಾರದವರ ಹಾಗೆ, ತುದಿಯಲ್ಲಿ ಕೂತಿದ್ದರು. ಆಮೇಲೆ ಔರಾದಕ್ಕೆ ಹೋದರು. ವರ್ಷಕ್ಕೊಮ್ಮೆ ಕ್ಯಾಲೆಂಡರ್ ಬರುತ್ತಿತ್ತು. ನೀಲಿ ಚುಕ್ಕೆ ಇದ್ದದ್ದು ನನ್ನ ಹೆಂಡತಿಯನ್ನು ಬೀದರಿಗೆ ತಪಾಸಣೆಗೆ ಕರೆದುಕೊಂಡು ಹೋಗುವ ದಿನದ ಮೇಲೆ.

ಕಂಡಕ್ಟರ್ ಹೇಳಿದ ಸುದ್ದಿ ತಗೊಂಡು ಬರುವಾಗ ಭಾಲ್ಕಿಯಲ್ಲೇ ಒಂದು ಕ್ಯಾಲೆಂಡರ್ ಕೊಂಡೆ. ಸುದ್ದಿ ಹೇಳಿದೆ. ಹೆಂಡತಿ ಒಳಗೆ ಹೋಗಿ ದೀಪ ಹಚ್ಚಿದಳು, ಹಚ್ಚುವ ಹೊತ್ತೇನೂ ಆಗಿರಲಿಲ್ಲ. ನಾನು ಮೊಳೆಗೆ ಕ್ಯಾಲೆಂಡರ್ ತೂಗುಹಾಕಿ, ನೀಲಿ ಪೆನ್ನಿನಿಂದ ತಪಾಸಣೆಯ ದಿನದ ಮೇಲೆ ಚುಕ್ಕೆ ಇಟ್ಟೆ.

ಅವಳು ಬಂದು ಕನ್ನಡಕ ಏರಿಸಿ ಅದನ್ನು ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಹೆಬ್ಬೆರಳಿನಿಂದ ಚುಕ್ಕೆಯನ್ನು ಉಜ್ಜಿ, ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಏನೂ ಹತ್ತಿರಲಿಲ್ಲ.

"ಮೊದಲ ಬಸ್ಸು ಯಾವಾಗದ?" ಅಂದಳು.

ಹೇಳಿದೆ. ಖರೆ ಬಸ್ಸೇ ಹೇಳಿದೆ.